ಸ್ಟೀಲಾ, ರಾಬಾ, ನಿಕ್ಕಾ? ಕಳ್ಳತನದ ಇಂಗ್ಲಿಷ್ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ತಗೊಳ್ಳೋಕೆ ಶುರು ಮಾಡಿ ಎಂಟು ವರ್ಷ ಆಯ್ತು, ಅದಕ್ಕೂ ಮುಂಚೆ ಎರಡು ವರ್ಷ ಇಂಗ್ಲೆಂಡಲ್ಲಿ ಕೆಲಸಕ್ಕಿದ್ದೆ. ಕ್ಲಾಸಿಗೆ ಬರೋರಲ್ಲಿ ನರ್ಸಿಂಗ್ ಓದೋ ಹುಡುಗೀರು, ಬ್ಯಾಂಕ್ ಕೆಲಸದವರು, ಫಾರಿನ್ನಿಗೆ ಹೊರಟು ನಿಂತೋರು ಎಲ್ಲಾ ಇದಾರೆ, ಮತ್ತೆ ಹೆಚ್ಚು ಕಮ್ಮಿ ಎಲ್ರೂ ಎಡವೋ ಜಾಗ ಇದು, ಕಳ್ಳತನದ ಪದಗಳು. ನಮ್ಮಲ್ಲಿ ಕದಿ ಅನ್ನೋ ಒಂದು ಮಾತಲ್ಲೇ ಮುಕ್ಕಾಲು ಭಾಗ ನಡೆದೋಗುತ್ತೆ, ಅವರಲ್ಲಿ ಯಾರಿಂದ, ಎಲ್ಲಿಂದ, ಹೆಂಗೆ ಕದ್ದ ಅನ್ನೋದ್ರ ಮೇಲೆ ಪದಾನೇ ಬದಲಾಗುತ್ತೆ. ಕೇಳಿದ್ದನ್ನೇ ಕೇಳ್ತಿರ್ತಾರಾದ್ರಿಂದ ಇಲ್ಲಿ ಒಟ್ಟಿಗೆ ಬರೆದಿಟ್ಟಿದೀನಿ.

ಸ್ಟೀಲ್ ಅಂದ್ರೂ ಕದಿಯೋದು, ರಾಬ್ ಅಂದ್ರೂ ಕದಿಯೋದು, ಯಾವ್ದು ಹಾಕಿದ್ರೂ ನಡಿಯಲ್ವಾ?

ನಡಿಯಲ್ಲ. ಸ್ಟೀಲ್ ಪಕ್ಕದಲ್ಲಿ ಹೋದ ವಸ್ತು ಬರಬೇಕು, ಅಂದ್ರೆ ಫೋನು, ಸರ, ಸೈಕಲ್ಲು. ರಾಬ್ ಪಕ್ಕದಲ್ಲಿ ಕಳ್ಕೊಂಡ ಮನುಷ್ಯ ಬರಬೇಕು, ಇಲ್ಲಾಂದ್ರೆ ಕಳ್ಕೊಂಡ ಜಾಗ, ಅಂದ್ರೆ ನಾನು, ನಮ್ಮಜ್ಜಿ, ಬ್ಯಾಂಕು, ಪೆಟ್ರೋಲ್ ಬಂಕು. "ದೇ ಸ್ಟೋಲ್ ಮೈ ಫೋನ್" ಸರಿ, "ದೇ ರಾಬ್ಡ್ ಮಿ" ಸರಿ. "ದೇ ರಾಬ್ಡ್ ಮೈ ಫೋನ್" ತಪ್ಪು.

ಒಂದ್ಸಲ ಒಬ್ಬ ವಿದ್ಯಾರ್ಥಿನಿ ಒಂದು ವಾರ ಕ್ಲಾಸಿಗೆ ಬಂದಿರ್ಲಿಲ್ಲ, ಸೋಮವಾರ ಬಂದೋಳು ಯಾಕಮ್ಮಾ ಅಂತ ಕೇಳಿದ್ದಕ್ಕೆ ನಿಂತ್ಕೊಂಡು "ಸಾರ್, ಮೈ ಹೌಸ್ ವಾಸ್ ಸ್ಟೋಲನ್" ಅಂದ್ಲು. ಹಬ್ಬಕ್ಕೆ ಊರಿಗೆ ಹೋಗಿದ್ರು, ವಾಪಸ್ ಬಂದು ನೋಡಿದ್ರೆ ಹಿಂಬಾಗಿಲ ಚಿಲಕ ಮುರಿದಿದೆ, ಬೀರು ತೆರೆದಿದೆ, ಅವರಮ್ಮನ ಬಳೆ ಮತ್ತೆ ದೇವರ ಮನೆಯ ಬೆಳ್ಳಿ ದೀಪ ಎರಡೂ ಇಲ್ಲ. ಮಗು ಅಳೋ ಸ್ಥಿತೀಲಿತ್ತು, ಆಗ ನಾನೇನೂ ತಿದ್ದೋಕೆ ಹೋಗ್ಲಿಲ್ಲ. ಆದ್ರೆ ಅವಳು ಹೇಳಿದ ವಾಕ್ಯದ ಅರ್ಥ ಇಂಗ್ಲಿಷಲ್ಲಿ ಏನಾಗುತ್ತೆ ಅಂದ್ರೆ ಗೋಡೆ ಛಾವಣಿ ಸಮೇತ ಮನೇನೇ ಯಾರೋ ಎತ್ಕೊಂಡು ಹೋದ್ರು ಅಂತ. ಈ ತಪ್ಪು ಬರೋದು ಕನ್ನಡದಿಂದಾನೇ, ನಾವು "ನಮ್ಮನೆ ಕಳ್ತನ ಆಯ್ತು" ಅಂತೀವಿ, "ಮೊಬೈಲ್ ಕಳ್ತನ ಆಯ್ತು" ಅಂತೀವಿ, ಎರಡಕ್ಕೂ ಒಂದೇ ಅಚ್ಚು. ಅದನ್ನೇ ಹಂಗಂಗೇ ಅಲ್ಲಿಗೆ ಸುರಿದ್ರೆ ಮನೆ ಮಾಯ ಆಗೋಗುತ್ತೆ. ಅದೇ ಥರ "ಐ ವಾಸ್ ಸ್ಟೋಲನ್" ಅಂದ್ರೆ ನನ್ನನ್ನೇ ಹೊತ್ಕೊಂಡು ಹೋದ್ರು ಅಂತ.

ಮನುಷ್ಯನ್ನೂ ವಸ್ತುವನ್ನೂ ಒಂದೇ ವಾಕ್ಯದಲ್ಲಿ ಹೇಳ್ಬೇಕಾದ್ರೆ ರಾಬ್ ಜೊತೆ ಆಫ್ ಬರುತ್ತೆ, "ದೇ ರಾಬ್ಡ್ ಹರ್ ಆಫ್ ಹರ್ ಚೈನ್". ಸ್ಟೀಲ್ ಜೊತೆ ಫ್ರಮ್, "ದೇ ಸ್ಟೋಲ್ ಅ ಚೈನ್ ಫ್ರಮ್ ಹರ್". ಇಷ್ಟನ್ನ ಬಾಯಿಪಾಠ ಮಾಡ್ಕೊಂಡ್ರೂ ಅರ್ಧ ಸಮಸ್ಯೆ ಮುಗೀತು.

ಇನ್ನೊಂದು ವಿಷ್ಯ ನಂಗೆ ತುಂಬಾ ಇಷ್ಟ. ರಾಬ್ ಮತ್ತೆ ಘಟಿಕೋತ್ಸವದಲ್ಲಿ ಹಾಕ್ಕೊಳೋ ರೋಬ್, ಎರಡೂ ಒಂದೇ ಬೇರಿಂದ ಬಂದಿರೋ ಪದಗಳು. ಹಳೇ ಫ್ರೆಂಚಲ್ಲಿ ರೋಬ್ ಅಂದ್ರೆ ಕೊಳ್ಳೆ ಹೊಡೆದ ಮಾಲು ಅಂತಾನೂ ಇತ್ತು ಬಟ್ಟೆ ಅಂತಾನೂ ಇತ್ತು, ಆ ಕಾಲದಲ್ಲಿ ಸೋತೋನ ಮೈಮೇಲಿನ ಬಟ್ಟೆನೂ ಬಿಡ್ತಿರ್ಲಿಲ್ಲ ಅಂತ ಅದ್ರಲ್ಲೇ ಗೊತ್ತಾಗುತ್ತೆ.

ಫೋನ್ ಹೋದಾಗ "ಐ ವಾಸ್ ರಾಬ್ಡ್" ಅಂತ ಹೇಳಿದ್ರೆ ಏನಾಗುತ್ತೆ?

ಇದು ನಂಗೇ ಆಗಿದ್ದು. ಲೆಸ್ಟರ್ ಊರಲ್ಲಿ ಬಸ್ಸಿಂದ ಇಳಿದು ಜೇಬು ಮುಟ್ಟಿ ನೋಡ್ತೀನಿ, ಫೋನಿಲ್ಲ. ರೂಮ್‌ಮೇಟ್ ಫೋನಿಂದ 101 ಗೆ ಮಾಡಿದೆ, ಅರ್ಜೆಂಟ್ ಅಲ್ದೇ ಇರೋ ದೂರಿಗೆ ಅಲ್ಲಿನ ಪೊಲೀಸ್ ನಂಬರ್ ಅದು, 999 ಅರ್ಜೆಂಟಿಗೆ. "ಐ ವಾಸ್ ರಾಬ್ಡ್ ಆನ್ ದ ಬಸ್" ಅಂದೆ. ಆ ಕಡೆ ಇದ್ದ ಹೆಂಗಸಿನ ದನಿ ತಕ್ಷಣ ಬದಲಾಯ್ತು, ಏಟಾಗಿದ್ಯಾ, ಅವನ ಕೈಲಿ ಚಾಕು ಇತ್ತಾ, ಈಗ ಸೇಫ್ ಜಾಗದಲ್ಲಿದೀರಾ ಅಂತ ಒಂದರ ಹಿಂದೆ ಒಂದು. ಇಲ್ಲಮ್ಮ, ಯಾರೂ ಏನೂ ಮಾಡ್ಲಿಲ್ಲ, ಜೇಬಿಂದ ಹೋಯ್ತು ಅಷ್ಟೇ ಅಂದಾಗ ನಿಧಾನಕ್ಕೆ, "ಹಾಗಿದ್ರೆ ಅದು ಥೆಫ್ಟ್, ರಾಬರಿ ಅಲ್ಲ" ಅಂತ ಬಿಡಿಸಿ ಹೇಳಿದ್ರು.

ಇಂಗ್ಲೆಂಡ್ ಮತ್ತೆ ವೇಲ್ಸಲ್ಲಿ 1968ರ ಥೆಫ್ಟ್ ಆಕ್ಟ್ ಅಂತ ಕಾನೂನಿದೆ, ಅದ್ರ ಪ್ರಕಾರ ಕದಿಯೋವಾಗ ಅಥವಾ ಅದಕ್ಕೆ ಸ್ವಲ್ಪ ಮುಂಚೆ ಬಲಪ್ರಯೋಗ ಮಾಡಿದ್ರೆ ಇಲ್ಲಾ ಹೆದರಿಸಿದ್ರೆ ಮಾತ್ರ ಅದು ರಾಬರಿ. ಬರೀ ಥೆಫ್ಟಿಗೆ ಅಲ್ಲಿ ಹೆಚ್ಚಂದ್ರೆ 7 ವರ್ಷ, ರಾಬರಿಗೆ ಜೀವಾವಧಿವರೆಗೂ ಇದೆ. ಹಂಗಾಗಿ ನೀವು ಬಾಯ್ತಪ್ಪಿ ಹೇಳಿದ ಒಂದು ಪದ ಅವರ ಕಿವೀಲಿ ಪೂರ್ತಿ ಬೇರೆ ಘಟನೆ ಆಗಿ ಕೇಳುತ್ತೆ. ಸ್ನೇಹಿತರ ಹತ್ರ ಮಾತಾಡೋವಾಗ ಅಲ್ಲಿನವರೂ ಸಡಿಲವಾಗಿ "ವಿ ಗಾಟ್ ರಾಬ್ಡ್" ಅಂತಾರೆ, ಅದು ಬೇರೆ. ಪೊಲೀಸ್, ಇನ್ಶೂರೆನ್ಸ್, ಆಫೀಸಿನ ಎಚ್‌ಆರ್ ಹತ್ರ ಮಾತ್ರ ಅಳೆದು ಆಡಿ.

ಜೇಬಿಂದ ಹೋದ್ರೆ "ಐ ವಾಸ್ ಪಿಕ್‌ಪಾಕೆಟೆಡ್" ಅಂತಾನೂ ಹೇಳಬಹುದು. ನಾವು "ಪಿಕ್‌ಪಾಕೆಟ್ ಆಯ್ತು" ಅಂತೀವಲ್ಲ, ಅದಕ್ಕೆ ಇದು ತೀರಾ ಹತ್ರ.

ಬರ್ಗಲ್ ಅಂದ್ರೆ?

ಕನ್ನ ಹಾಕೋದು. ಇದಕ್ಕೆ ಮಾತ್ರ ಕನ್ನಡದಲ್ಲಿ ಇಂಗ್ಲಿಷಿಗಿಂತ ಒಳ್ಳೇ ಪದ ಇದೆ, ಕನ್ನ ಅಂದ್ರೆ ಕಳ್ಳ ಗೋಡೇಲಿ ಕೊರೆಯೋ ತೂತು, ಈಗ ಯಾರೂ ಗೋಡೆ ಕೊರೀದೇ ಇದ್ರೂ ಪೇಪರ್‌ನೋರು "ಮನೆಗೆ ಕನ್ನ" ಅಂತಾನೇ ಬರೀತಾರೆ. ಆ ವಿದ್ಯಾರ್ಥಿನಿ ಹೇಳ್ಬೇಕಿದ್ದಿದ್ದು "ಅವರ್ ಹೌಸ್ ವಾಸ್ ಬರ್ಗಲ್ಡ್" ಅಂತ, ಅಥವಾ ಇನ್ನೂ ಸುಲಭವಾಗಿ "ಅವರ್ ಹೌಸ್ ವಾಸ್ ಬ್ರೋಕನ್ ಇಂಟು". ಬರ್ಗ್ಲರ್ ಅನ್ನೋ ಪದ ಹಳೇದು, ಅದರ ಬಾಲ ಕತ್ತರಿಸಿ ಬರ್ಗಲ್ ಮಾಡಿದ್ದು 19ನೇ ಶತಮಾನದಲ್ಲಿ. ಅಮೆರಿಕದಲ್ಲಿ ಇರೋರು ಬರ್ಗ್ಲರೈಜ್ ಅಂತ ಕೇಳಿರ್ತೀರಿ, ಅದೂ ಸರಿನೇ, ಅಲ್ಲಿ ಅದೇ ರೂಢಿ.

ಸರ ಕಿತ್ಕೊಂಡು ಹೋದ್ರೆ ಸ್ನ್ಯಾಚಿಂಗಾ ರಾಬರಿನಾ?

ದಿನಬಳಕೇಲಿ ಸ್ನ್ಯಾಚ್. ಬೈಕಲ್ಲಿ ಬಂದು ಚಕ್ ಅಂತ ಎಳ್ಕೊಂಡು ಹೋಗೋದಕ್ಕೆ ಅದಕ್ಕಿಂತ ಸರಿಯಾದ ಪದ ಇಲ್ಲ. ನಮ್ಮ ದೇಶದಲ್ಲಿ ಮುಂಚೆ ಐಪಿಸಿ ಇದ್ದಾಗ ಸ್ನ್ಯಾಚಿಂಗ್ ಅಂತ ಇಡೀ ದೇಶಕ್ಕೆ ಅನ್ವಯಿಸೋ ಪ್ರತ್ಯೇಕ ಸೆಕ್ಷನ್ ಇರ್ಲಿಲ್ಲ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೇಲಿ 304ನೇ ಸೆಕ್ಷನ್ ಅದಕ್ಕೇ ಅಂತ ಇದೆ. ಥೆಫ್ಟ್ 303, ರಾಬರಿ 309. ಐದು ಅಥವಾ ಜಾಸ್ತಿ ಜನ ಸೇರಿ ರಾಬರಿ ಮಾಡಿದ್ರೆ ಅದು 310, ಡಕಾಯಿಟಿ. ಈ ಕೊನೇ ಪದ ಇಂಗ್ಲಿಷ್ ಡಿಕ್ಷನರೀಲಿ ಇದ್ರೂ ಹಿಂದಿಯ ಡಕೈತ್‌ನಿಂದ ಹೋಗಿದ್ದು, ಲಂಡನ್ನಲ್ಲಿ ನಿಂತು "ಡಕಾಯಿಟಿ" ಅಂದ್ರೆ ಎಷ್ಟೋ ಜನ ಮುಖ ಮುಖ ನೋಡ್ತಾರೆ.

ಇಂಗ್ಲೆಂಡ್ ಸಿನಿಮಾಗಳಲ್ಲಿ ನಿಕ್, ಪಿಂಚ್ ಅಂತಾರಲ್ಲ, ಚಿವುಟೋದಲ್ವಾ ಪಿಂಚ್?

ಚಿವುಟೋದೂ ಹೌದು, ಎಗರಿಸೋದೂ ಹೌದು. ನಿಕ್ ಮತ್ತೆ ಪಿಂಚ್ ಎರಡೂ ಬ್ರಿಟಿಷ್ ಆಡುಮಾತು, ನಮ್ಮ "ಎಗರಿಸ್ದ", "ಲಪಟಾಯಿಸ್ದ", "ಹೊಡ್ಕೊಂಡೋದ" ಇವುಗಳ ಅಣ್ತಮ್ಮಂದಿರು. "ಹೂ ನಿಕ್ಡ್ ಮೈ ಚಾರ್ಜರ್?" ಅಂದ್ರೆ ನನ್ ಚಾರ್ಜರ್ ಯಾವನೋ ಎತ್ಕೊಂಡಿದ್ದು ಅಂತ. ಸಿಟ್ಟು ಇರ್ಲೇಬೇಕು ಅಂತಿಲ್ಲ. ಮಜಾ ಅಂದ್ರೆ ನಿಕ್ ಒಳಗೇ ಕಳ್ಳನೂ ಇದಾನೆ ಪೊಲೀಸೂ ಇದಾನೆ ಜೈಲೂ ಇದೆ: ಕದ್ರೆ ನಿಕ್, ಕದ್ದೋನನ್ನ ಪೊಲೀಸ್ ಹಿಡಿದ್ರೂ ನಿಕ್, ಒಯ್ದು ಕೂರಿಸೋ ಠಾಣೆ ಅಥವಾ ಜೈಲೂ "ದ ನಿಕ್". ಅದಲ್ದೇ "ಇನ್ ಗುಡ್ ನಿಕ್" ಅಂದ್ರೆ ಒಳ್ಳೇ ಕಂಡೀಷನಲ್ಲಿದೆ ಅಂತ, ಸೆಕೆಂಡ್ ಹ್ಯಾಂಡ್ ಕಾರು ಮಾರೋರು ಹೇಳ್ತಾರೆ, ಕದ್ದ ಮಾಲು ಅಂತ ತಿಳ್ಕೊಂಡು ಗಾಬರಿ ಆಗ್ಬೇಡಿ.

ನಮ್ಮ ಹುಡುಗ್ರಿಗೆ ಈ ಪದಗಳು ಹೊಸವಲ್ಲ, ಕ್ರಿಕೆಟ್ ಕಾಮೆಂಟರೀಲಿ ಹುಟ್ಟಿದಾಗಿಂದ ಕೇಳಿದಾರೆ, ಆದ್ರೆ ಬೇರೆ ಅರ್ಥದಲ್ಲಿ. ನಿಕ್ ಅಂದ್ರೆ ಬ್ಯಾಟಿನ ಅಂಚಿಗೆ ಸವರಿ ಕೀಪರ್ ಕೈಗೆ ಹೋಗೋದು. ಸ್ವೈಪ್ ಅಂದ್ರೆ ಕಣ್ಮುಚ್ಚಿ ಅಡ್ಡಡ್ಡ ಬೀಸೋದು, ಅದೇ ಸ್ವೈಪ್ ಅಂಗಡೀಲಿ ಕಾರ್ಡ್ ಉಜ್ಜೋದು, ಅದೇ ಸ್ವೈಪ್ ಆಡುಮಾತಲ್ಲಿ ಎಗರಿಸೋದು, ಹಂಗಾಗಿ "ಹಿ ಸ್ವೈಪ್ಡ್ ಮೈ ಕಾರ್ಡ್" ಅಂದ್ರೆ ಅಂಗಡಿಯವನು ಬಿಲ್ ಮಾಡಿದ ಅಂತಾನೋ ಕಾರ್ಡೇ ಕದ್ದ ಅಂತಾನೋ ಮುಂದಿನ ವಾಕ್ಯ ಕೇಳೋವರ್ಗೂ ಗೊತ್ತಾಗಲ್ಲ. ಫೀಲ್ಡರ್ ಸ್ವಲ್ಪ ಮೈಮರೆತಾಗ ಓಡಿ ತಗೊಳ್ಳೋ ರನ್ನಿಗೆ "ಸ್ಟೋಲ್ ಅ ಸಿಂಗಲ್" ಅಂತಾರೆ, "ಪಿಂಚ್ಡ್ ಅ ಸಿಂಗಲ್" ಅಂತಾನೂ ಅಂತಾರೆ, ನಮ್ ಕನ್ನಡ ಕಾಮೆಂಟರೀಲೂ ಒಂದು ರನ್ ಕದ್ರು ಅಂತೀವಿ. ಅಂಪೈರ್ ತಪ್ಪು ತೀರ್ಪು ಕೊಟ್ಟು ಮ್ಯಾಚ್ ಹೋದ್ರೆ ಅಭಿಮಾನಿಗಳು ಹೇಳೋದು "ವಿ ವರ್ ರಾಬ್ಡ್", ಅಲ್ಲಿ ಸ್ಟೋಲನ್ ಬರಲ್ಲ, ಯಾಕಂದ್ರೆ ಕಳ್ಕೊಂಡೋರು ನಾವು, ನಮ್ಮನ್ನೇ ಯಾರೂ ಹೊತ್ಕೊಂಡೋಗ್ಲಿಲ್ಲ. ನೋಡಿ, ಮೊದಲನೇ ಪ್ರಶ್ನೆಯ ರೂಲು ಇಲ್ಲೂ ಕೆಲ್ಸ ಮಾಡುತ್ತೆ. ಪಿಂಚ್ ಹಿಟ್ಟರ್ ಮಾತ್ರ ಈ ಗುಂಪಿನೋನಲ್ಲ, ಅಲ್ಲಿ ಪಿಂಚ್ ಅಂದ್ರೆ ಇಕ್ಕಟ್ಟಿನ ಸಮಯ, ಬೇಸ್‌ಬಾಲಿಂದ ಬಂದಿದ್ದು.

ಕಾಲೇಜಲ್ಲಿ ನಾವು "ಪೆನ್ ಫ್ಲಿಕ್ ಮಾಡ್ದ" ಅಂತೀವಿ, ಅದು ಸರಿನಾ?

ಬೆಂಗಳೂರಲ್ಲಿ ಸರಿ. ನಮ್ ದೇಶದ ಹಾಸ್ಟೆಲ್‌ಗಳಲ್ಲೆಲ್ಲಾ ನಡಿಯೋ ಮಾತು ಅದು. ಆದ್ರೆ ಇಂಗ್ಲೆಂಡ್ ಅಮೆರಿಕದವ್ರಿಗೆ ಫ್ಲಿಕ್ ಅಂದ್ರೆ ಬೆರಳಲ್ಲಿ ಚಿಮ್ಮೋದು ಅಷ್ಟೇ, ಪೆನ್ನನ್ನ ಚಿಮ್ಮಿ ಎಸೆದ ಅಂತ ತಿಳ್ಕೋತಾರೆ.

ಮಗ್ ಅಂದ್ರೂ ಕದಿಯೋದಂತೆ?

ಹೌದು, ಬೀದೀಲಿ ಅಡ್ಡಗಟ್ಟಿ ಹೊಡೆದು ಕಿತ್ಕೊಳ್ಳೋದು. "ಐ ಗಾಟ್ ಮಗ್ಡ್". ನಾವು ಪರೀಕ್ಷೆಗೆ ಮುಂಚೆ ಮಾಡೋ ಮಗ್ಗಿಂಗ್ ಬೇರೆ, ಅದು ಮಗ್ ಅಪ್, ಅಪ್ ಬಿಡಬೇಡಿ. ಅಲ್ಲಿನ ಲೆಕ್ಚರರ್ ಹತ್ರ ಹೋಗಿ "ಐ ಮಗ್ಡ್ ಎವ್ರಿಥಿಂಗ್ ಲಾಸ್ಟ್ ನೈಟ್" ಅಂದ್ರೆ ಅವರು ಗೊಂದಲಕ್ಕೆ ಬೀಳ್ತಾರೆ.

ಲೂಟ್ ಇಂಗ್ಲಿಷ್ ಪದಾನಾ ನಮ್ ಪದಾನಾ?

ನಮ್ ಕಡೆಯಿಂದಾನೇ ಹೋಗಿದ್ದು. ಹಿಂದಿಯ ಲೂಟ್, ನಮ್ಮ ಲೂಟಿ, ಇಂಗ್ಲಿಷಿನ ಲೂಟ್ ಎಲ್ಲಾ ಒಂದೇ ಮನೆಯವು, ಕಂಪನಿ ಕಾಲದಲ್ಲಿ 18ನೇ ಶತಮಾನದ ಕೊನೇ ಹೊತ್ತಿಗೆ ಇಂಗ್ಲಿಷಿಗೆ ಸೇರ್ಕೊಳ್ತು. ಥಗ್ ಅನ್ನೋದೂ ಹಂಗೇ ಹೋಗಿದ್ದು, ನಮ್ಮ ಠಕ್ಕನ ಬಂಧು.

ಈ ಪದ ಬಂದಾಗೆಲ್ಲ ನಾನು ಕ್ಲಾಸಲ್ಲಿ ಶ್ರೀರಂಗಪಟ್ಟಣದ ವಿಷ್ಯ ಹೇಳ್ತೀನಿ, ಯಾಕಂದ್ರೆ ನಮ್ ಹುಡುಗ್ರು ಆ ಕೋಟೆಗೆ ಸ್ಕೂಲ್ ಟ್ರಿಪ್ ಹೋಗಿ ಬಂದಿರ್ತಾರೆ. 1799ರ ಮೇ 4ಕ್ಕೆ ಕೋಟೆ ಬಿತ್ತು, ಟಿಪ್ಪು ಸತ್ತ, ಆ ರಾತ್ರಿ ಸೈನಿಕರು ಊರಿಗೆ ನುಗ್ಗಿ ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿದ್ರು. ಅದಕ್ಕೆ ಇಂಗ್ಲಿಷಲ್ಲಿ ಲೂಟ್ ಅಂತಾರೆ. ಆಮೇಲೆ ಅರಮನೆಯ ಖಜಾನೇನ ಅಧಿಕಾರಿಗಳು ಲೆಕ್ಕ ಹಾಕಿ ದರ್ಜೆ ಪ್ರಕಾರ ಸೈನ್ಯಕ್ಕೆ ಹಂಚಿದ್ರು, ಅದಕ್ಕೆ ಲೂಟ್ ಅನ್ಲಿಲ್ಲ, ಪ್ರೈಜ್ ಅಂದ್ರು, ಹಂಚೋಕೆ ಪ್ರೈಜ್ ಏಜೆಂಟ್ ಅಂತ ಆಫೀಸರ್‌ಗಳೇ ಇದ್ರು. ಎರಡೂ ಅದೇ ಊರಿನ ಅದೇ ಸೊತ್ತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಮರದ ಹುಲಿ ಇದೆ, ಬಿಳಿ ಸೈನಿಕನ ಮೇಲೆ ಎರಗಿರೋದು, ಹೊಟ್ಟೆ ಒಳಗೆ ಆರ್ಗನ್ ಇರೋದು. ನಾನು ಅದರ ಗಾಜಿನ ಪೆಟ್ಟಿಗೆ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಮೈಮೇಲಿನ ಹಳದಿ ಬಣ್ಣ, ಕಪ್ಪು ಪಟ್ಟೆ, ಎಡಗೈ ಎತ್ತಿ ಮಲಗಿರೋ ಆ ಸೈನಿಕ, ಎಲ್ಲಾ ಹಂಗೇ ಇದೆ. ಟೇಕನ್, ಸೀಜ್ಡ್, ಕ್ಯಾಪ್ಚರ್ಡ್, ಲೂಟೆಡ್, ಇವುಗಳಲ್ಲಿ ಯಾವ ಪದ ಹಾಕ್ತಾರೆ ಅನ್ನೋದ್ರ ಮೇಲೆ ಓದೋನಿಗೆ ಕಥೆ ಬೇರೆ ಆಗುತ್ತೆ, ಇಂಥ ಕಡೆ ಕ್ರಿಯಾಪದ ಗಮನಿಸಿ ಓದೋದು ಕಲೀರಿ ಅಂತ ನಮ್ ಮಕ್ಕಳಿಗೆ ಪದೇ ಪದೇ ಹೇಳ್ತೀನಿ.

ಇವತ್ತಿನ ಬಳಕೇಲಿ ಲೂಟ್ ಅಂದ್ರೆ ಗಲಭೆ, ಯುದ್ಧ, ಭೂಕಂಪದಂಥ ಹೊತ್ತಲ್ಲಿ ಗುಂಪಾಗಿ ಅಂಗಡಿಗೆ ನುಗ್ಗಿ ದೋಚೋದು. ಆಟೋದವನು ಜಾಸ್ತಿ ಕೇಳಿದ್ದಕ್ಕೆ "ಹಿ ಈಸ್ ಲೂಟಿಂಗ್" ಅನ್ನೋದು ನಮ್ ಇಂಗ್ಲಿಷ್, ಹೊರಗಿನವರಿಗೆ ಹೇಳೋದಾದ್ರೆ "ಹಿ ರಿಪ್ಡ್ ಮಿ ಆಫ್" ಅನ್ನಿ.

"ಇಟ್ಸ್ ಅ ಸ್ಟೀಲ್" ಅಂದ್ರೆ ಕದ್ದ ಮಾಲಾ?

ಅಲ್ಲ, ಕದ್ದಷ್ಟು ಸಸ್ತಾ ಅಂತ, ಹೊಗಳಿಕೆ. ಅದೇ "ಡೇಲೈಟ್ ರಾಬರಿ" ಅಂದ್ರೆ ಹಗಲು ದರೋಡೆ, ವಿಪರೀತ ರೇಟು. ಒಂದು ಕಡೆ ಲಾಭ ಕೊಂಡೋನಿಗೆ, ಇನ್ನೊಂದು ಕಡೆ ಮಾರಿದೋನಿಗೆ. ಇದೇ ಸಾಲಲ್ಲಿ ಫ್ಲೀಸ್ ಅಂತ ಇನ್ನೊಂದಿದೆ, ಕುರಿ ಉಣ್ಣೆ ಕತ್ತರಿಸೋದು ಅಂತ ಮೂಲ ಅರ್ಥ, ಮೋಸ ಮಾಡಿ ದುಡ್ಡು ಕೀಳೋದಕ್ಕೆ ಬಳಸ್ತಾರೆ. ನಮ್ಮಲ್ಲಿ ಸುಲಿಗೆ ಅಂತೀವಲ್ಲ, ಸಿಪ್ಪೆ ಸುಲಿ, ಚರ್ಮ ಸುಲಿ ಅನ್ನೋದ್ರಿಂದ ಬಂದಿದ್ದು. ಅವರು ಉಣ್ಣೆಗೆ ನಿಲ್ಲಿಸಿದಾರೆ, ನಾವು ಚರ್ಮದವರೆಗೂ ಹೋಗಿದೀವಿ.

ಮನಸ್ಸು ಕದಿಯೋದಕ್ಕೂ ಸ್ಟೀಲೇನಾ?

ಅದೇ. ಸ್ಟೀಲ್ ಒಳಗಿರೋದು ಸದ್ದಿಲ್ಲದೆ ಮಾಡೋದು ಅನ್ನೋ ಭಾವ, ರೇಡಾರಿಗೆ ಕಾಣದ ಸ್ಟೆಲ್ತ್ ವಿಮಾನ ಅಂತೀವಲ್ಲ, ಆ ಸ್ಟೆಲ್ತ್ ಕೂಡ ಇದೇ ಬೇರಿನ ಪದ. ಹಂಗಾಗಿ "ಶಿ ಸ್ಟೋಲ್ ಇಂಟು ದ ರೂಮ್" ಅಂದ್ರೆ ಏನನ್ನೂ ಕದ್ದಿಲ್ಲ, ಮಗು ಏಳಬಾರ್ದು ಅಂತ ಕಳ್ಳಹೆಜ್ಜೆ ಇಟ್ಟು ಒಳಗೆ ಬಂದ್ಲು ಅಷ್ಟೇ. "ಸ್ಟೀಲ್ ಅ ಗ್ಲಾನ್ಸ್" ನಮ್ಮ ಕಳ್ಳನೋಟ. ಕನ್ನಡದವರಿಗೆ ಇದು ಕಲಿಯೋ ಅವಶ್ಯಕತೆನೇ ಇಲ್ಲ, ನಮ್ ಭಾಷೇಲಿ ಆಗ್ಲೇ ಇದೆ. ಇಲ್ಲೆಲ್ಲೂ ರಾಬ್ ಹಾಕಬೇಡಿ, "ಹಿ ರಾಬ್ಡ್ ಮೈ ಹಾರ್ಟ್" ಅಂದ್ರೆ ಪ್ರೀತಿ ಉಳಿಯಲ್ಲ.

"ಸ್ಟೀಲ್ ಮೈ ಥಂಡರ್" ಅನ್ನೋದಕ್ಕೆ ಮಾತ್ರ ಕಥೆ ಬೇಕು. 1709ರಲ್ಲಿ ಲಂಡನ್ನಲ್ಲಿ ಜಾನ್ ಡೆನಿಸ್ ಅನ್ನೋ ನಾಟಕಕಾರ ತನ್ನ ನಾಟಕಕ್ಕೆ ಗುಡುಗಿನ ಸದ್ದು ಮಾಡೋ ಹೊಸ ಉಪಾಯ ಕಂಡುಹಿಡಿದಿದ್ದ, ನಾಟಕ ಓಡ್ಲಿಲ್ಲ, ಸ್ವಲ್ಪ ದಿನಕ್ಕೆ ಅದೇ ರಂಗಮಂದಿರದಲ್ಲಿ ಬೇರೆ ನಾಟಕಕ್ಕೆ ಅವನ ಗುಡುಗು ಕೇಳಿಸ್ತಂತೆ, ನನ್ ಗುಡುಗು ಕದ್ರು ಅಂತ ಕೂಗಾಡಿದನಂತೆ. ಈಗ ನೀವು ಹೇಳ್ಬೇಕಿದ್ದ ಸಿಹಿ ಸುದ್ದೀನ ಇನ್ನೊಬ್ರು ಮುಂಚೇನೇ ಹೇಳಿ ಚಪ್ಪಾಳೆ ತಗೊಂಡ್ರೆ ಈ ಮಾತು.

ಆಫೀಸ್ ದುಡ್ಡು ನುಂಗಿದ್ರೆ? ಬರಹ ಕದ್ರೆ? ಎಂಪ್ಲಾಯೀನ ಎಳ್ಕೊಂಡ್ರೆ?

ನಂಬಿ ಕೈಗೆ ಕೊಟ್ಟ ದುಡ್ಡನ್ನ ಗುಳುಂ ಮಾಡಿದ್ರೆ ಎಂಬೆಜಲ್. ಕ್ಯಾಷಿಯರ್, ಸೊಸೈಟಿ ಸೆಕ್ರೆಟರಿ, ಇಂಥವರಿಗೇ ಈ ಪದ ಒಪ್ಪೋದು, ಹೊರಗಿಂದ ಬಂದ ಕಳ್ಳ ಎಂಬೆಜಲ್ ಮಾಡೋಕಾಗಲ್ಲ. ಚೂರು ಚೂರೇ ಪದೇ ಪದೇ ಎತ್ತೋದು ಪಿಲ್ಫರ್, ಗೋಡೌನಿಂದ ದಿನಾ ಒಂದೊಂದು ಸೋಪು ಹೋದ ಹಾಗೆ. ಬರಹ ಕದಿಯೋದು ಪ್ಲೇಜಿಯರೈಜ್, ಲ್ಯಾಟಿನಲ್ಲಿ ಆ ಪದಕ್ಕೆ ಮನುಷ್ಯರನ್ನ ಅಪಹರಿಸೋನು ಅಂತ ಅರ್ಥ ಇತ್ತು, ರೋಮಿನ ಕವಿ ಮಾರ್ಷಿಯಲ್ ತನ್ನ ಪದ್ಯ ಕದ್ದೋನಿಗೆ ಆ ಬೈಗುಳ ಬಳಸಿದ, ಅಲ್ಲಿಂದ ಹಿಡಿದುಕೊಳ್ತು. ಕಂಪನಿ ಕಂಪನಿ ನಡುವೆ ಜನರನ್ನ ಸೆಳೆಯೋದು ಪೋಚ್, ಕಾಡಲ್ಲಿ ಕದ್ದು ಬೇಟೆಯಾಡೋ ಪದಾನೇ ಅದು. ಅಂಗಡೀಲಿ ಗಿರಾಕಿ ಥರ ಬಂದು ಎತ್ಕೊಂಡೋದ್ರೆ ಶಾಪ್‌ಲಿಫ್ಟ್.

ಯಾರೋ ತಗೊಂಡಿದಾರೆ ಅಂತ ಅನುಮಾನ, ಗ್ಯಾರಂಟಿ ಇಲ್ಲ, ಆಗ ಯಾವ ಪದ?

ಇವುಗಳಲ್ಲಿ ಯಾವ್ದೂ ಬೇಡ. "ಮೈ ರಿಂಗ್ ಈಸ್ ಮಿಸ್ಸಿಂಗ್" ಅಷ್ಟೇ ಬರೀರಿ. ನಂಗೆ ಗೊತ್ತಿರೋ ಒಂದು ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಒಬ್ರು ಬೆಳಿಗ್ಗೆ "ಅವರ್ ಮೇಡ್ ಹ್ಯಾಸ್ ಸ್ಟೋಲನ್ ಮೈ ರಿಂಗ್" ಅಂತ ಹಾಕಿದ್ರು, ಮಧ್ಯಾಹ್ನದೊಳಗೆ ಮೂರು ಮನೆಯವರು ಆ ಹೆಂಗಸಿಗೆ ನಾಳೆಯಿಂದ ಬರಬೇಡ ಅಂದಿದ್ರು, ಸಂಜೆ ಉಂಗುರ ವಾಷಿಂಗ್ ಮೆಷಿನ್ನಿನ ರಬ್ಬರ್ ಸಂದೀಲಿ ಸಿಕ್ತು. ಮೆಸೇಜ್ ಡಿಲೀಟ್ ಮಾಡಿದ್ರು, ಆದ್ರೆ ಅವರು ಮತ್ತೆ ಆ ಬಿಲ್ಡಿಂಗಿಗೆ ಕೆಲ್ಸಕ್ಕೆ ಬರ್ಲೇ ಇಲ್ಲ. ಸ್ಟೋಲನ್ ಅಂತ ಬರೆದ ಕೂಡ್ಲೇ ಅದಕ್ಕೊಬ್ಬ ಕಳ್ಳ ಬೇಕಾಗುತ್ತೆ, ಮಿಸ್ಸಿಂಗ್ ಅಂದ್ರೆ ವಸ್ತು ಹುಡುಕಿದ್ರೆ ಸಾಕು.

ಕಂಪ್ಲೇಂಟಲ್ಲಿ ಲಾಸ್ಟ್ ಅಂತ ಬರೀಬೇಕಾ ಸ್ಟೋಲನ್ ಅಂತಾನಾ?

ನಿಜವಾಗಿ ಏನಾಯ್ತೋ ಅದನ್ನ. ಎಲ್ಲೋ ಬಿಟ್ಟು ಮರೆತಿದ್ರೆ ಲಾಸ್ಟ್, ಬ್ಯಾಗಿನ ಜಿಪ್ ತೆಗೆದು ಎತ್ತಿದ್ದು ಖಚಿತ ಇದ್ರೆ ಸ್ಟೋಲನ್. "ಸುಮ್ನೆ ಲಾಸ್ಟ್ ಅಂತ ಬರೀರಿ, ಬೇಗ ಆಗುತ್ತೆ" ಅಂತ ಯಾರಾದ್ರೂ ಹೇಳಿದ್ರೆ ಒಪ್ಕೊಳ್ಳೋ ಮುಂಚೆ ಯೋಚ್ನೆ ಮಾಡಿ, ಆಮೇಲೆ ಇನ್ಶೂರೆನ್ಸಿನವರು ಕಳ್ಳತನಕ್ಕೆ ಮಾತ್ರ ದುಡ್ಡು, ಕಳ್ಕೊಂಡಿದ್ದಕ್ಕಿಲ್ಲ ಅನ್ನಬಹುದು, ಆಗ ನಿಮ್ಮ ಕೈಲಿರೋ ಕಾಗದ ನಿಮಗೇ ಎದುರಾಗುತ್ತೆ. ಬ್ರಿಟನ್ನಲ್ಲಾದ್ರೆ ಪೊಲೀಸ್ರು ಕೊಡೋ ಕ್ರೈಮ್ ರೆಫರೆನ್ಸ್ ನಂಬರ್ ಬರ್ಕೊಳ್ಳಿ, ಇಲ್ಲಿ ಫೋನಿಗೆ ಕಂಪ್ಲೇಂಟ್ ಕಾಪಿ ಇಟ್ಕೊಂಡು ಸಿಇಐಆರ್ ಅನ್ನೋ ಸರ್ಕಾರಿ ಪೋರ್ಟಲಲ್ಲಿ ಐಎಂಇಐ, ಅಂದ್ರೆ ಫೋನಿನ ಗುರುತಿನ ನಂಬರ್, ಬ್ಲಾಕ್ ಮಾಡಿಸಿ. ವಾಕ್ಯ ಹಿಂಗಿದ್ರೆ ಸಾಕು: "ಮೈ ಫೋನ್ ವಾಸ್ ಸ್ಟೋಲನ್ ಫ್ರಮ್ ಮೈ ಬ್ಯಾಗ್ ಆನ್ ದ ಬಸ್. ನೋ ವನ್ ಥ್ರೆಟೆನ್ಡ್ ಮಿ." ಅದ್ರ ಕೆಳಗೆ ತಾರೀಕು, ಬಸ್ಸಿನ ನಂಬರ್, ಹತ್ತಿದ ಸ್ಟಾಪ್, ಇಳಿದ ಸ್ಟಾಪ್.